ಐವತ್ತು ತೊಲ ಸುಣ್ಣಕಲ್ಲಿನ ಲೆಕ್ಕ

ಹೆಮ್ಮರಗಾಲದಿಂದ ನಂಜನಗೂಡಿನ ಇಂಗ್ಲಿಷ್ ಶಾಲೆಗೆ ಆಗ ಹೋಗುತ್ತಿದ್ದವನು ನನ್ನ ಅಣ್ಣ ಒಬ್ಬನೇ. ವಾರವೆಲ್ಲ ಅಲ್ಲಿ ನೆಂಟರ ಮನೆಯಲ್ಲಿದ್ದು ಶನಿವಾರ ಮಧ್ಯಾಹ್ನ ಊರಿಗೆ ಬರುತ್ತಿದ್ದ. ಊರಿನ ಕೂಲಿಮಠದಲ್ಲಿ ಅವನ ಜೊತೆ ನಾನೂ ಮಗ್ಗಿಯಿಂದ ತ್ರೈರಾಶಿಕದವರೆಗೆ ಕಲಿತಿದ್ದೆ. ಹನ್ನೊಂದು ತುಂಬಿದ ಮೇಲೆ ನನ್ನನ್ನು ಬಿಡಿಸಿದರು. ಯಾಕೆಂದು ಯಾರೂ ಹೇಳಲಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ರಸಾಯನಶಾಸ್ತ್ರ ಎಂದರೆ ಅಣ್ಣನಿಗೆ ಜ್ವರ ಬರುತ್ತಿತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವನು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ, ನಾನು ರಾಗಿ ಕೇರುತ್ತ ಲೆಕ್ಕ ಬಿಡಿಸುತ್ತಿದ್ದೆ, ಅವನು ಬರೆದುಕೊಳ್ಳುತ್ತಿದ್ದ. ನನಗೆ ಅದರಲ್ಲಿ ಕಂಡದ್ದು ಬರೀ ತ್ರೈರಾಶಿಕ: ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು.

ಒಂದು ಶನಿವಾರ ಅಂಗೈ ಊದಿಸಿಕೊಂಡು ಬಂದ. ಐವತ್ತು ತೊಲ ಶುದ್ಧ ಸುಣ್ಣಕಲ್ಲನ್ನು ಪೂರ್ತಿ ಸುಟ್ಟರೆ ಎಷ್ಟು ಸುಣ್ಣ ಉಳಿಯುತ್ತದೆ ಎಂಬ ಲೆಕ್ಕಕ್ಕೆ ನಾನು ಇಪ್ಪತ್ತೆಂಟು ಎಂದಿದ್ದೆ. ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರ ಇಪ್ಪತ್ತೆರಡು. ಮೇಷ್ಟರು ಬೆತ್ತ ತೆಗೆದಿದ್ದರು.

"ನಿನ್ ಮಾತು ಕೇಳಿ ಏಟು ತಿಂದೆ ಕಣೆ," ಎಂದ.

"ನೂರು ಪಾಲು ಕಲ್ಲು ಸುಟ್ರೆ ಐವತ್ತಾರು ಪಾಲು ಸುಣ್ಣ, ನಲವತ್ನಾಕು ಪಾಲು ಗಾಳಿ ಅಂತ ನೀನೇ ಓದಿದ್ದು. ಐವತ್ತಕ್ಕೆ ಅದ್ರಲ್ಲಿ ಅರ್ಧ. ಓಯ್ತದಲ್ಲ ಗಾಳಿ, ಅದ್ರ ತೂಕ ಇಪ್ಪತ್ತೆರಡು. ಅವ್ರು ಕೇಳಿರೋದು ಉಳಿಯೋ ಸುಣ್ಣ."

"ಪುಸ್ತಕದಲ್ಲಿ ಅಚ್ಚಾಗದೆ."

"ಅಚ್ಚಾದ್ರೆ ಸುಣ್ಣ ಕಮ್ಮಿ ಆಯ್ತದಾ?"

ಅದನ್ನು ಬರೆಯಲು ಅವನಿಗೆ ಧೈರ್ಯ ಬರಲಿಲ್ಲ. ಅವನ ನೋಟುಬುಕ್ಕಿನಲ್ಲಿ ಆ ಲೆಕ್ಕದ ಕೆಳಗೆ ನಾನೇ ಕನ್ನಡದಲ್ಲಿ ಎರಡು ಸಾಲು ಬರೆದೆ.

ಮುಂದಿನ ಶನಿವಾರ ಮೇಷ್ಟರೇ ಅಣ್ಣನ ಜೊತೆ ಗಾಡಿಯಲ್ಲಿ ನಮ್ಮ ಮನೆಗೆ ಬಂದರು. ಅಪ್ಪ ಜಗಲಿಯ ಮೇಲೆ ಚಾಪೆ ಹಾಸಿಸಿ ಎಳನೀರು ಕೊಟ್ಟ.

"ಅಚ್ಚಿನ ಪುಸ್ತಕದ ತಪ್ಪು ಹಿಡಿದಿದ್ದಾನೆ ನಿಮ್ಮ ಮಗ," ಎಂದರು ಮೇಷ್ಟರು. "ಇಷ್ಟು ವರ್ಷದಲ್ಲಿ ನನಗೇ ಕಂಡಿರಲಿಲ್ಲ."

ಹೊಡೆದದ್ದರ ಬಗ್ಗೆ ಒಂದು ಮಾತಿಲ್ಲ. ನಾನು ಬಾಗಿಲಲ್ಲಿ ನಿಂತು ಅಣ್ಣನ ಬಾಯಿ ನೋಡುತ್ತಿದ್ದೆ. ಅವನು ಚಾಪೆಯ ಅಂಚು ಕೀಳುತ್ತ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

"ಆ ಲೆಕ್ಕ ನಾನು ಮಾಡಿದ್ದು ಸಾ."

ಮೇಷ್ಟರು ಅಣ್ಣನ ಕಡೆ ತಿರುಗಿದರು. "ಹೌದೇನೋ? ಅಕ್ಷರ ನಿನ್ನದಲ್ಲ ಅಂತ ನನಗೂ ಅನ್ನಿಸಿತ್ತು."

"ಅಕ್ಷರ ಅವಳ್ದು ಸಾ," ಎಂದ ಅಣ್ಣ. "ಕೈ ನೋಯ್ತಿತ್ತು. ನಾ ಹೇಳ್ದೆ, ಅವಳು ಬರುದ್ಲು."

"ಆಗಿದ್ರೆ ಇನ್ನೊಂದು ಲೆಕ್ಕ ಕೊಡಿ ಸಾ, ಇಬ್ರಿಗೂ," ಎಂದೆ. ಅಪ್ಪ ಗದರಿದ. ಮೇಷ್ಟರು ಮಾತ್ರ ನಗುತ್ತ ಕೊಟ್ಟರು: ಒಂಬತ್ತು ಪಾಲು ನೀರಿನಲ್ಲಿ ಎಂಟು ಪಾಲು ಆಮ್ಲಜನಕ, ನಲವತ್ತೈದು ತೊಲ ನೀರಿನಲ್ಲಿ ಎಷ್ಟು? ಅಣ್ಣ ಬಳಪ ಹುಡುಕುವಷ್ಟರಲ್ಲಿ ನಾನು ನಲವತ್ತು ಎಂದೆ.

ಮೇಷ್ಟರ ನಗು ನಿಂತಿತು. ಅಪ್ಪನಿಗೆ ಹೇಳಿದರು: "ಹುಡುಗಿ ಚುರುಕಾಗಿದ್ದಾಳೆ. ಬೇಗ ಒಂದು ಮನೆ ಸೇರಿಸಿ."

"ನೋಡ್ತಾ ಇವ್ನಿ ಸಾ. ಬನ್ನೂರ್ ಕಡೆ ಒಂದು ಸಂಬಂಧ ಅದೆ."

ಆ ವೈಶಾಖದಲ್ಲೇ ಬನ್ನೂರಿಗೆ ಬಂದೆ. ಅಣ್ಣ ಪರೀಕ್ಷೆ ಮುಗಿಸಿ ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ. ಎಷ್ಟೋ ವರ್ಷದ ಮೇಲೆ ಒಮ್ಮೆ ನಮ್ಮ ಮನೆಗೆ ಬಂದವನು ಊಟಕ್ಕೆ ಕೂತು, ತಾನು ಹುಡುಗನಾಗಿದ್ದಾಗ ಅಚ್ಚಿನ ಪುಸ್ತಕದ ತಪ್ಪು ಹಿಡಿದ ಕಥೆಯನ್ನು ನನ್ನ ಮಕ್ಕಳಿಗೆ ಹೇಳಿದ. ಸುಳ್ಳು ಹೇಳುವವನ ಮುಖವಲ್ಲ ಅದು, ತಾನೇ ನಂಬಿಬಿಟ್ಟಿದ್ದ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಮಕ್ಕಳ ಎದುರೇ ನಡೆದದ್ದನ್ನೆಲ್ಲ ಹೇಳಿದೆ.

"ಈಗ್ಯಾಕೆ ಆ ಹಳೇ ಮಾತು," ಎಂದು ತಟ್ಟೆ ನೋಡಿಕೊಂಡ.

"ನೀನೇ ತೆಗ್ದಿದ್ದು," ಎಂದೆ. ಆವತ್ತು ಅವನಿಗೆ ಎರಡನೆಯ ಸಲ ಸಾರು ಬಡಿಸಲು ನಾನು ಏಳಲಿಲ್ಲ.