ಸಂಬಳ ಹೆಚ್ಚು ಮಾಡಬೇಡಿ ಸ್ವಾಮಿ

ಎಂಬತ್ತರ ದಶಕದ ಮಾತು. ತುಮಕೂರಿನ ಅಂತರಸನಹಳ್ಳಿಯಲ್ಲಿ ನಟ್ಟು ಬೋಲ್ಟು ಮಾಡುವ ಸಣ್ಣ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನಾನು ಟೈಪಿಸ್ಟ್. ಗುಬ್ಬಿಯಿಂದ ದಿನಾ ಬಸ್ಸು. ಹೆಸರಿಗೆ ಟೈಪಿಸ್ಟ್, ಮಾಡುತ್ತಿದ್ದದ್ದು ಮಾತ್ರ ಊರ ಕೆಲಸವೆಲ್ಲ. ಹೆಡ್ ಕ್ಲರ್ಕ್ ರಿಟೈರ್ ಆದ ಮೇಲೆ ಹಾಜರಿ, ಬ್ಯಾಂಕು, ಲಾರಿಯವರ ಜಗಳ ಎಲ್ಲವೂ ನನ್ನ ತಲೆಗೇ ಬಂದವು. ನಂಬುತ್ತೀರೋ ಇಲ್ಲವೋ, ನನಗದು ಇಷ್ಟವಾಗಿತ್ತು. ಜಗಳ ಬಿಡಿಸುವುದರಲ್ಲಂತೂ ನನ್ನ ಬಾಯಿಗೆ ತಕ್ಕ ಕೆಲಸ ಸಿಕ್ಕಿತ್ತು. ಆ ಹುದ್ದೆ ನನಗೇ ಬರಬೇಕು, ಅದರ ಸಂಬಳವೂ ಬರಬೇಕು ಎಂದು ಆಸೆಪಟ್ಟೆ.

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲವಂತೆ. ಒಂದು ಬೆಳಿಗ್ಗೆ ಮಾಲೀಕರ ಮುಂದೆ ನಿಂತು ಕೇಳಿಯೇಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾಕಮ್ಮ, ಮನೇಲಿ ಹೇಳಿಲ್ವಾ? ನಿಮ್ಮ ತಂದೆಯವರೇ ಬಂದು ಬೇಡ ಅಂದ್ರಲ್ಲ. ಮಗೂಗೆ ಸಂಬಳ ಹೆಚ್ಚು ಮಾಡ್ಬೇಡಿ ಸ್ವಾಮಿ ಅಂತ ಕೈ ಮುಗಿದ್ರು. ನಾನೂ ಹೆಣ್ಣು ಹೆತ್ತೋನೇ, ಹೂಂ ಅಂದೆ. ಆ ಜಾಗಕ್ಕೆ ಬೇರೆಯವರನ್ನ ಗೊತ್ತುಮಾಡಿದ್ದೂ ಆಯ್ತು."

ಅಪ್ಪ ಗುಬ್ಬಿ ಪಕ್ಕದ ಕಡಬದಲ್ಲಿದ್ದ ನಮ್ಮ ತೋಟದ ಎಳನೀರು ಹೊತ್ತುಕೊಂಡು ಅವರ ಮನೆಗೆ ಹೋಗಿದ್ದು ನನಗೆ ಗೊತ್ತಿತ್ತು. ನನ್ನ ಪರವಾಗಿ ಒಂದು ಮಾತು ಹೇಳಲು ಹೋಗಿದ್ದಾನೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ. ಸಂಬಳ ಹೆಚ್ಚಿಸಿ ಎಂದು ಗೋಗರೆಯುವವರನ್ನು ಕಂಡಿದ್ದೆ. ಹೆಚ್ಚಿಸಬೇಡಿ ಎಂದು ಎಳನೀರು ಕೊಡುವವರೂ ಲೋಕದಲ್ಲಿದ್ದಾರೆ, ಅದೂ ನಮ್ಮ ಮನೆಯಲ್ಲೇ ಇದ್ದಾರೆ ಎಂದು ಅವತ್ತು ತಿಳಿಯಿತು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ. "ಅಪ್ಪಾ, ಯಾಕಿಂಗ್ ಮಾಡ್ದೆ?"

ಅಪ್ಪ ಕಾಯಿ ಸುಲಿಯುತ್ತಿದ್ದ. ಮುಖದಲ್ಲಿ ಅಳುಕು ಎಂಬುದೇ ಇರಲಿಲ್ಲ. "ಆ ಕುಣಿಗಲ್ ಗಂಡಿನ ಸಂಬಳ ಎಷ್ಟು ಅಂತ ಗೊತ್ತಲ್ಲವ್ವ? ನೀನು ಅವನ್ಗಿಂತ ಜಾಸ್ತಿ ತಂದ್ರೆ ಅವ್ರು ಒಪ್ತಾರಾ? ಹೆಣ್ಣಿಂದು ಒಂದ್ ಕೈ ಕಮ್ಮಿನೇ ಇರ್ಬೇಕು. ಮದ್ವೆ ಆದ್ಮೇಲೆ ಕೇಳ್ಕಂಡ್ರಾಯ್ತು ಬುಡು."

ಕುಣಿಗಲ್‌ನ ಆ ಹುಡುಗ ಗುಮಾಸ್ತ. ಸಂಬಂಧದ ಮಾತುಕತೆ ನಡೆಯುತ್ತಿತ್ತು.

"ನನ್ನ ಒಂದ್ ಮಾತು ಕೇಳ್ಬೇಡ್ವಾ?" ಎಂದೆ.

"ಕೇಳಿದ್ರೆ ನೀನು ಬುಡ್ತಿದ್ಯಾ?" ಎಂದ.

ಕೋಪಕ್ಕಿಂತ ದಿಗಿಲೇ ಹೆಚ್ಚಾಯಿತು. ನನ್ನ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯ ನನ್ನ ಹೊಟ್ಟೆಯ ಮೇಲೆ ಹೊಡೆದು, ನೆಮ್ಮದಿಯಾಗಿ ಕಾಯಿ ಸುಲಿಯುತ್ತಿದ್ದಾನಲ್ಲ!

ಆ ಭಾನುವಾರ ಕುಣಿಗಲ್‌ನವರು ಬಂದರು. ಉಪ್ಪಿಟ್ಟು, ಕೇಸರಿಭಾತು ತಿಂದರು. ಗಂಡಿನ ಚಿಕ್ಕಪ್ಪ ನನ್ನ ಸಂಬಳ ಕೇಳಿದ. ಅಪ್ಪ ಹೆಮ್ಮೆಯಿಂದಲೇ ಹೇಳಿದ. "ನಿಮ್ ಹುಡುಗನ ಸಂಬಳದಲ್ಲಿ ಅರ್ಧಾನೂ ಬರಲ್ಲ ಬುಡಿ."

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟ. "ಅಷ್ಟೇನಾ? ತುಮಕೂರಲ್ಲಿ ಒಳ್ಳೆ ಕೆಲ್ಸ ಅಂದ್ಕಂಡಿದ್ವಿ. ನಮ್ ಹುಡುಗ ಅಲ್ಲೇ ತುಮಕೂರಿನ ಸದಾಶಿವನಗರದಲ್ಲಿ ಮನೆ ಮಾಡ್ಬೇಕು ಅಂತವ್ನೆ. ಒಬ್ಬನ ಸಂಬಳದಲ್ಲಿ ಎಲ್ಲಾಗ್ತದೆ?"

ಎದ್ದು ಹೋದರು. ಅಪ್ಪ ಬಾಯಿ ತೆರೆದುಕೊಂಡು ಬಾಗಿಲಲ್ಲೇ ನಿಂತಿದ್ದ. ನಗಬೇಕೋ ಅಳಬೇಕೋ ನನಗೂ ತಿಳಿಯಲಿಲ್ಲ. ಅತ್ತ ಬಡ್ತಿಯೂ ಇಲ್ಲ, ಇತ್ತ ಗಂಡೂ ಇಲ್ಲ. ಅಪ್ಪನ ಮೇಲೆ ರೇಗಲು ಕೂಡ ಮನಸ್ಸು ಬರಲಿಲ್ಲ.

ಅದೇ ರಸ್ತೆಯ ಇನ್ನೊಂದು ಫ್ಯಾಕ್ಟರಿಗೆ ಹೆಡ್ ಕ್ಲರ್ಕ್ ಬೇಕಂತೆ ಎಂದು ಲಾರಿಯವರು ಹೇಳಿದರು. ರಜೆ ಹಾಕಿ ಹೋದೆ. ಅಲ್ಲಿನ ಮ್ಯಾನೇಜರ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಅವರಿಗೆ ಒಪ್ಪಿಗೆಯಾಯಿತು. ಕೊನೆಯಲ್ಲಿ, "ಸಂಬಳದ ವಿಷಯ ನಿಮ್ಮ ತಂದೆಯವರ ಹತ್ರ ಮಾತಾಡ್ತೀನಿ, ಕರ್ಕೊಂಡ್ ಬನ್ನಿ" ಎಂದರು.

ಇಲ್ಲೂ ಅದೇ ಕಥೆ!

"ಅವ್ರು ಬರಲ್ಲ ಸಾರ್. ಕೆಲ್ಸ ಮಾಡೋಳು ಇಲ್ಲೇ ಇದೀನಲ್ಲ, ನನ್ಹತ್ರಾನೇ ಮಾತಾಡಿ" ಎಂದೆ.