ಸಂಗಪ್ಪನ ಕಡಲು
ನಾರಾಯಣಪೇಟೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಸಂಗಪ್ಪ ಭಾನುವಾರ ಯಾರ ಕೈಗೂ ಸಿಗುವುದಿಲ್ಲ. ಅಂದು ಅಂಗಳದಲ್ಲಿ ಕೂತು ಹಲಗೆಯ ಮೇಲೆ ಬಿರುಗಾಳಿಗೆ ಸಿಕ್ಕ ಸಮುದ್ರವನ್ನು ಬರೆಯುತ್ತಾನೆ. ಮಾರಲಿಕ್ಕಲ್ಲ, ಬರೀ ತನ್ನ ಖುಷಿಗೆ. ಆ ಅಲೆಗಳ ಎತ್ತರ ನೋಡಿ ಪಕ್ಕದ ಮನೆಯ ಗುರುಲಿಂಗಮ್ಮ ಆ ಅಂಗಳದಲ್ಲಿ ಹಪ್ಪಳ ಒಣಹಾಕಲು ಹೆದರುತ್ತಾಳೆಂದು ಓಣಿಯವರು ನಗುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ "ತಡೀರಿ, ಗಾಳಿ ಜೋರೈತಿ" ಅನ್ನುತ್ತಾನೆ. ಇಷ್ಟಾಗಿಯೂ ಅವನು ಕೃಷ್ಣಾ ಹೊಳೆಗಿಂತ ದೊಡ್ಡ ನೀರನ್ನು ಕಂಡವನಲ್ಲ. ಕಂಡವಳು ಹೆಂಡತಿ ಶರಣಮ್ಮ. ಚಿಕ್ಕವಳಿದ್ದಾಗ ಮಚಲಿಪಟ್ಟಣದ ಸೋದರತ್ತೆಯ ಮನೆಗೆ ಹೋಗಿ, ತುಫಾನು ಬರುವ ಹಿಂದಿನ ದಿನ ಅಲ್ಲಿಯ ಕಡಲನ್ನು ನೋಡಿದ್ದಳು. ಗಂಡ ಬರೆದ ಪ್ರತಿ ಚಿತ್ರದ ಮುಂದೆಯೂ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಷ್ಟು ಹಸರ ಇದ್ದಿಲ್ಲರಿ, ಮಣ್ಣಿನ ಬಣ್ಣ ಇತ್ತು" ಎನ್ನುತ್ತಿದ್ದಳು. ತಪ್ಪು ಸಿಕ್ಕಿತೆಂಬ ಸಂತೋಷದಲ್ಲಿ ಸಂಗಪ್ಪ ಅದರ ಮೇಲೆಯೇ ಬಣ್ಣ ಬಳಿದು ಮತ್ತೆ ಶುರುಮಾಡುತ್ತಿದ್ದ. ಹದಿನೆಂಟು ವರ್ಷ ಹೀಗೇ ನಡೆಯಿತು. ಹೋದ ಕಾರ್ತಿಕದಲ್ಲಿ ಶರಣಮ್ಮ ಜ್ವರದಿಂದ ತೀರಿಕೊಂಡಳು. "ಮುಗಿಲು ಇನ್ನೂ ಕೆಳಗ ಬರಬೇಕು" ಎಂದು ಅವಳು ಹೇಳಿಹೋದ ಚಿತ್ರವನ್ನು ಅವನು ಚಳಿಗಾಲವಿಡೀ ತಿದ್ದಿದ. ಮೊನ್ನೆ ನೂಲು ತಂದ ಕಾಕಿನಾಡದ ವ್ಯಾಪಾರಿಯೊಬ್ಬ ಅದನ್ನು ನೋಡಿ ನಿಂತುಬಿಟ್ಟ. ತಾನು ಕಡಲ ದಂಡೆಯಲ್ಲೇ ಬೆಳೆದವನೆಂದೂ, ತುಫಾನಿನ ಕಡಲು ಥೇಟ್ ಹೀಗೇ ಇರುತ್ತದೆಂದೂ, ಒಂದು ಗೆರೆಯೂ ತಪ್ಪಿಲ್ಲವೆಂದೂ ತೆಲುಗಿನಲ್ಲಿ ಹೇಳಿದ. ಸಂಗಪ್ಪ ಕುಂಚವನ್ನು ಬಹಳ ಹೊತ್ತು ತೊಳೆದ. ಆಮೇಲೆ ತಲೆಯೆತ್ತದೆ, "ಈ ಮಾತು ಆಕಿ ಹೇಳಬೇಕಾಗಿತ್ತರಿ" ಅಂದ.