ಭಾವನ ಸೊಂಟದ ಹಳದಿ ಚೌಕ

ಅಡಿಲೇಡ್ ವಿಮಾನ ನಿಲ್ದಾಣದ ಸ್ಕ್ಯಾನರ್ ಒಳಗೆ ನಮ್ಮ ಭಾವ ಎರಡೂ ಕೈ ಎತ್ತಿ ನಿಂತರು. ಪರದೆಯ ಮೇಲಿನ ಮನುಷ್ಯಾಕಾರದ ಬೊಂಬೆಯ ಸೊಂಟದಲ್ಲಿ ಹಳದಿ ಚೌಕವೊಂದು ಮೂಡಿತು. ತಪಾಸಣೆಯವನು ಶರ್ಟ್ ಸ್ವಲ್ಪ ಎತ್ತಲು ಹೇಳಿದ. ಎತ್ತಿದರೆ ಕರಿ ಉಡಿದಾರ, ಅದರಲ್ಲಿ ಸಾಲಾಗಿ ಮೂರು ತಾಯಿತ!

ಇದೇ ಭಾವ ಹಿಂದಿನ ದಿನವಿಡೀ ನನ್ನ ಅಮ್ಮನ ತಲೆ ತಿಂದಿದ್ದರು. ಮೈಸೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ನೆಂಟರ ಮದುವೆಗೆ ಪರ್ತ್‌ಗೆ ಹೊರಟಿದ್ದೆವು. "ಅತ್ತೆ, ಆ ತಾಯಿತ ಬಿಚ್ಚಿಡಿ. ಎಕ್ಸ್-ರೇ ಥರ ಮಷಿನ್ ಅದು, ಎಲ್ಲಾ ಕಾಣ್ಸುತ್ತೆ. ನಾಲ್ಕು ಜನರ ಮುಂದೆ ನಮ್ಮ ಮರ್ಯಾದೆ ಹೋಗುತ್ತೆ. ಯಾವ ಕಾಲದಲ್ಲಿದ್ದೀರಿ ನೀವು?"

ಎಂಜಿನಿಯರ್ ಅಳಿಯನ ಮಾತೆಂದರೆ ಅಮ್ಮನಿಗೆ ವೇದವಾಕ್ಯ. ಅಜ್ಜಿ ಕಟ್ಟಿದ್ದ ತಾಯಿತವನ್ನು ಮೊದಲ ಸಲ ತೋಳಿನಿಂದ ಬಿಚ್ಚಿ, ಅಡಿಲೇಡ್‌ನ ಮಾಡ್ಬರಿ ಬಡಾವಣೆಯ ಅಕ್ಕನ ಮನೆಯಲ್ಲಿ ದೇವರ ಮುಂದಿಟ್ಟು ಬಂದಿದ್ದಳು.

ಇದೇನೆಂದು ತಪಾಸಣೆಯವನು ಕೇಳಿದಾಗ ಭಾವ ನಮ್ಮ ಕಡೆ ತಿರುಗದೆ, "ಇಟ್ಸ್ ಎ ಮೆಡಿಕಲ್ ಥಿಂಗ್, ಮೇಟ್" ಎಂದರು. ಪಾಪ, ಆತ ನಂಬಿ ಬಿಟ್ಟುಬಿಟ್ಟ.

ನಾನು ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡೆ. ಅಮ್ಮ ನಗಲಿಲ್ಲ. ಬರಿದಾದ ತೋಳಿನ ಮೇಲೆ ಸೆರಗು ಎಳೆದುಕೊಂಡು, "ಅಳಿಯಂದ್ರೇ, ನಂದು ಒಂದೇ ಇತ್ತಲ್ವಾ?" ಎಂದಳು.

ಪರ್ತ್ ಹತ್ತಿರವಾಗುವಾಗ ವಿಮಾನ ಜೋರಾಗಿ ಕುಲುಕಿತು. ಅಮ್ಮನ ಕೈ ಅಭ್ಯಾಸದಂತೆ ಖಾಲಿ ತೋಳನ್ನು ತಡಕಿತು. ನಮ್ಮ ವಿಜ್ಞಾನಿ ಭಾವನ ಕೈ ಅಷ್ಟರಲ್ಲಾಗಲೇ ಸೊಂಟದ ಮೇಲಿತ್ತು.